ತುಕ್ಕಿನೊಡನೆ ಹೋಗುವುದೇನು?

ಹಳೆಯ ಮನೆಯ ಮೇಲೆ ಹೊಸ ಮಮತೆ ಹುಟ್ಟುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ: ಮನೆಯಲ್ಲಿ ಮದುವೆ ನಿಶ್ಚಯವಾದಾಗ, ಇಲ್ಲವೆ, ಬಹುಕಾಲ ಪರಸ್ಥಳದಲ್ಲಿದ್ದ ಮಗ ಊರಿಗೆ ಬಂದು ಕಿಟಕಿಯ ಸರಳನ್ನು ಹಿಡಿದು ನಿಂತು, ಅಂಗೈಗೆ ಹತ್ತಿದ ಕೆಂಪು ಪುಡಿಯನ್ನು ನೋಡಿಕೊಂಡಾಗ. ಅಂದಿನಿಂದ ಗೋಡೆಗೆ ಸುಣ್ಣವೆಷ್ಟು, ಕಬ್ಬಿಣಕ್ಕೆ ಬಣ್ಣವೆಷ್ಟು ಎಂಬ ಲೆಕ್ಕ ಆರಂಭವಾಗುತ್ತದೆ. ಆದರೆ ಕಷ್ಟವಿರುವುದು ಹೊಸ ಬಣ್ಣವನ್ನು ಬಳಿಯುವುದರಲ್ಲಲ್ಲ, ಹಳೆಯದನ್ನು ತೆಗೆಯುವುದರಲ್ಲಿ. ಮೂರು ತಲೆಮಾರು ಒಂದರ ಮೇಲೊಂದು ಬಳಿದ ಹಸುರು, ನೀಲಿ, ಕಾವಿಗಳ ಪದರಗಳು ಹಪ್ಪಳದಂತೆ ಎದ್ದು ನಿಂತಿರುತ್ತವೆ. ಅವುಗಳ ಅಡಿಯಲ್ಲಿ ತುಕ್ಕು ಮನೆಮಾಡಿಕೊಂಡಿರುತ್ತದೆ. ಅದರ ಮೇಲೆಯೇ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಹಣವೂ ಹೋಯಿತು, ಬಣ್ಣವೂ ಹೋಯಿತು.

ಹಾಸನದಿಂದ ಬೆಂಗಳೂರಿನ ಹೆದ್ದಾರಿ ಹಿಡಿದವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಎದುರಾಗುವ ಶಾಂತಿಗ್ರಾಮದಂಥ ಊರುಗಳಲ್ಲಿ ಈ ಪ್ರಶ್ನೆ ಇತರೆಡೆಗಿಂತ ಹೆಚ್ಚು ಗಂಭೀರವಾದುದು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರಿನಿಂದ ಈ ಊರಿಗೆ ಹೆಸರು ಬಂದಿತೆಂದು ಪ್ರತೀತಿ. ಭೋಗನರಸಿಂಹನ ಗುಡಿಯ ಊರು ಇದು. ಇಂಥ ಊರಿನಲ್ಲಿ ಹಳೆಯ ಮನೆ ಎಂದರೆ ಬರಿಯ ಗೋಡೆ ಮಾಡುಗಳಲ್ಲ. ಮರದ ಕಂಬ, ಕೆತ್ತಿದ ಬಾಗಿಲವಾಡ, ಕಲ್ಲಿನ ಹೊಸ್ತಿಲು, ಕಬ್ಬಿಣದ ಸರಳು, ಬಾವಿಯ ರಾಟೆ—ಇವೆಲ್ಲ ಒಂದೇ ಸೂರಿನ ಕೆಳಗೆ ಕೂಡಿರುವ ಸಂಸಾರ. ಇವುಗಳಲ್ಲಿ ಒಂದಕ್ಕೆ ಪಥ್ಯವಾದುದು ಇನ್ನೊಂದಕ್ಕೆ ವಿಷವಾದೀತು.

ಈಚಿನ ವರ್ಷಗಳಲ್ಲಿ ಹಳೆಯ ಬಣ್ಣ ತುಕ್ಕುಗಳನ್ನು ತೆಗೆಯಲು ಹೊಸ ಉಪಾಯವೊಂದು ಗೃಹಸ್ಥರ ಕಣ್ಣಿಗೆ ಬಿದ್ದಿದೆ. ಕಾರ್ಖಾನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇದಕ್ಕೆ ಸ್ಯಾಂಡ್ ಬ್ಲಾಸ್ಟಿಂಗ್ ಎಂದು ಹೆಸರು. ಮರಳು ಸಿಡಿತವೆಂದು ಕರೆದರೂ ನಡೆದೀತು. ಒತ್ತಿ ತುಂಬಿದ ಗಾಳಿಯನ್ನು ಕಿರಿದಾದ ಮೂತಿಯೊಂದರಿಂದ ಹೊರಬಿಟ್ಟು, ಅದರೊಡನೆ ಒರಟು ಕಣಗಳನ್ನು ಬೆರೆಸಿ, ವಸ್ತುವಿನ ಮೇಲೆ ಹಾಯಿಸುವುದು ಇದರ ಕ್ರಮ. ಲಕ್ಷಾಂತರ ಕಣಗಳು ಒಂದೊಂದೂ ಪುಟ್ಟ ಉಳಿಯಂತೆ ಬಣ್ಣವನ್ನೂ ತುಕ್ಕನ್ನೂ ಕೆತ್ತಿಹಾಕುತ್ತವೆ. ದಿನವೆಲ್ಲ ಉಜ್ಜಿದರೂ ಬಿಡದ ಮೂಲೆಯ ತುಕ್ಕು ಕ್ಷಣಮಾತ್ರದಲ್ಲಿ ಹಾರಿಹೋಗಿ, ಬೂದುಬಣ್ಣದ ಶುದ್ಧ ಕಬ್ಬಿಣ ಹೊಳೆಯುತ್ತದೆ. ಇದಕ್ಕೆ ಬೇಕಾದ ಸಣ್ಣ ಯಂತ್ರಗಳು ಈಗ ಸುಲಭವಾಗಿ ಕೊಳ್ಳಲು ಸಿಗುತ್ತವೆ. ಒಮ್ಮೆ ನೋಡಿದವರಿಗೆ ಇದನ್ನು ಮನೆಗೇ ತರಬಾರದೇಕೆ ಎಂದು ತೋರುವುದು ಸಹಜ.

ಈ ವಿದ್ಯೆ ಇಂದಿನದಲ್ಲ. ಅಮೆರಿಕದ ಫಿಲಡೆಲ್ಫಿಯಾದ ಬೆಂಜಮಿನ್ ಚೂ ಟಿಲ್ಗ್‌ಮನ್ ಎಂಬಾತ ೧೮೭೦ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಮರುಭೂಮಿಯ ಗಾಳಿಯಲ್ಲಿ ತೇಲಿಬಂದ ಮರಳು ಕಿಟಕಿಯ ಗಾಜನ್ನು ಮಸುಕು ಮಾಡಿದ್ದನ್ನು ಕಂಡು ಆತನಿಗೆ ಇದು ಹೊಳೆಯಿತೆಂದು ಹೇಳಿಕೆಯುಂಟು. ಕಥೆ ನಿಜವಿರಲಿ, ಇಲ್ಲದಿರಲಿ, ಅದರಲ್ಲಿ ಒಂದು ಪಾಠವಂತೂ ಇದೆ. ಗಾಳಿಗೆ ಹಾರಿದ ಮರಳು ಗಾಜಿನ ಮೇಲಿನ ಕೊಳೆಯನ್ನು ಮಾತ್ರ ತೆಗೆಯಲಿಲ್ಲ, ಗಾಜನ್ನೇ ತೆಗೆಯಿತು. ಕೊಳೆ ಯಾವುದು, ಗಾಜು ಯಾವುದು ಎಂಬ ವಿವೇಕ ಮರಳಿಗೆ ಇಲ್ಲ.

ಈ ಮಾತನ್ನು ಅಳತೆಗೋಲಿನಿಂದಲೇ ತಿಳಿಯಬಹುದು. ಖನಿಜಗಳ ಗಡಸುತನವನ್ನು ಅಳೆಯಲು ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ವಿದ್ವಾಂಸ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ೧ರಿಂದ ೧೦ರವರೆಗಿನ ಮೆಟ್ಟಿಲುಗಳನ್ನು ಗೊತ್ತುಮಾಡಿದನು. ಮೇಲಿನ ಮೆಟ್ಟಿಲಿನ ವಸ್ತು ಕೆಳಗಿನದನ್ನು ಗೀರುತ್ತದೆ, ಕೆಳಗಿನದು ಮೇಲಿನದನ್ನು ಗೀರಲಾರದು. ಮೊದಲನೆಯ ಮೆಟ್ಟಿಲಿನಲ್ಲಿರುವುದು ಮುಖಕ್ಕೆ ಹಚ್ಚುವ ಪೌಡರಿಗೆ ಮೂಲವಾದ ಟಾಲ್ಕ್, ಹತ್ತನೆಯದರಲ್ಲಿ ವಜ್ರ. ನಮ್ಮ ಉಗುರು ಸುಮಾರು ೨.೫, ಸಾಧಾರಣ ಕಬ್ಬಿಣದ ಮೊಳೆ ೪.೫ರ ಆಸುಪಾಸು, ಕಿಟಕಿಯ ಗಾಜು ೫.೫, ಹೊಳೆಯ ಮರಳಿನ ಮುಖ್ಯಾಂಶವಾದ ಬೆಣಚುಕಲ್ಲು ೭. ಮರಳಿನ ಬದಲು ಬಳಸುವ ಗಾರ್ನೆಟ್ ಪುಡಿಯೂ ಸರಿಸುಮಾರು ಅಷ್ಟೇ ಗಡಸು. ಹಳೆಯ ಮನೆಯಲ್ಲಿರುವ ಮುಕ್ಕಾಲು ಪಾಲು ವಸ್ತುಗಳು ಈ ಕಣಗಳಿಗಿಂತ ಮೆತ್ತಗಿನವು. ಸಿಡಿಯುವ ಕಣದ ಮುಂದೆ ನಿಲ್ಲುವ ಶಕ್ತಿ ಯಾವುದಕ್ಕಿದೆ, ಯಾವುದಕ್ಕಿಲ್ಲ ಎಂಬುದನ್ನು ಅರಿಯದೆ ಮೂತಿಯ ಗುಂಡಿಯನ್ನು ಅದುಮುವುದು ಇಲಿಗೆ ಹೆದರಿ ಮನೆಯನ್ನು ಸುಟ್ಟಂತೆ.

ಆದುದರಿಂದ ಅಂಥ ಮನೆಯೊಂದನ್ನು ಮನಸ್ಸಿನಲ್ಲಿಯೇ ಒಮ್ಮೆ ಸುತ್ತಿಬರುವುದು ಒಳ್ಳೆಯದು.

ಮೊದಲು ಕಾಣುವುದು ಹೊರಗಿನ ಕಬ್ಬಿಣದ ಗೇಟು. ಅದರ ಸರಳುಗಳು ದಪ್ಪವಾಗಿವೆ. ಬಿಚ್ಚಿ ಹೊರಕ್ಕೆ ಒಯ್ಯಬಹುದು. ಮರಳು ಸಿಡಿತ ಹೇಳಿ ಮಾಡಿಸಿದ್ದೇ ಇಂಥ ವಸ್ತುವಿಗೆ. ಕಣಗಳ ಪೆಟ್ಟಿನಿಂದ ಕಬ್ಬಿಣದ ಮೈ ಕಣ್ಣಿಗೆ ಕಾಣದಷ್ಟು ಒರಟಾಗುವುದರಿಂದ ಹೊಸ ಬಣ್ಣಕ್ಕೆ ಹಿಡಿತವೂ ಸಿಕ್ಕುತ್ತದೆ. ಕಿಟಕಿಯ ಸರಳುಗಳಿಗೂ ಈ ಗುಣವೇ. ಆದರೆ ಅವು ಮರದ ಚೌಕಟ್ಟಿನಲ್ಲಿ ನಾಟಿರುತ್ತವೆ. ಸರಳಿಗೆ ಹಿಡಿದ ಮೂತಿ ಚೌಕಟ್ಟಿಗೂ ತಗಲದೆ ಇರದು. ಬಿಚ್ಚಲು ಬಾರದ ಸರಳನ್ನು ಕೈಯಿಂದ ಉಜ್ಜುವುದೇ ಯೋಗ್ಯ.

ಒಳಗೆ ಬಂದರೆ ತಾಯಿಯ ಮದುವೆಗೆ ಬಂದ ಕಬ್ಬಿಣದ ಬೀರು. ಇದರ ತಗಡಿನ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ತೆಳು ತಗಡಿನ ಒಂದು ಮೈಗೆ ಮಾತ್ರ ಪೆಟ್ಟು ಬಿದ್ದರೆ ಅದು ಬಿಸಿಲಿಗಿಟ್ಟ ಹಪ್ಪಳದಂತೆ ಬಾಗುತ್ತದೆ. ಒಮ್ಮೆ ಬಾಗಿದ ಬಾಗಿಲು ಮತ್ತೆ ಚೌಕಟ್ಟಿಗೆ ಕೂಡದು. ತಗಡಿನ ಪೆಟ್ಟಿಗೆ, ಟ್ರಂಕುಗಳದೂ ಇದೇ ಕಥೆ. ಸತುವಿನ ಲೇಪವಿರುವ ತಗಡಾದರೆ ತುಕ್ಕನ್ನು ತಡೆಯಲೆಂದು ಇದ್ದ ಸತುವೇ ಮೊದಲು ಹಾರಿಹೋಗುತ್ತದೆ.

ನಡುಮನೆಯ ಮರದ ಕಂಬಗಳಿಗೆ ಯಾರೋ ಪುಣ್ಯಾತ್ಮರು ಎಣ್ಣೆಬಣ್ಣ ಬಳಿದಿರುತ್ತಾರೆ. ಅದನ್ನು ತೆಗೆದು ಮರದ ಸಹಜ ಬಣ್ಣವನ್ನು ಕಾಣಬೇಕೆಂಬ ಆಸೆ ಸಾಧುವಾದುದೇ. ಆದರೆ ಮರದ ಮೈಯಲ್ಲಿ ಎಲ್ಲ ಕಡೆಯೂ ಗಟ್ಟಿತನ ಒಂದೇ ಸಮನಾಗಿಲ್ಲ. ಮರ ಬೇಗ ಬೆಳೆದ ಕಾಲದ ಪದರ ಮೆತ್ತಗೆ, ನಿಧಾನವಾಗಿ ಬೆಳೆದ ಕಾಲದ ಪದರ ಗಟ್ಟಿ. ಸಿಡಿವ ಕಣಗಳು ಮೆತ್ತನೆಯ ಪದರವನ್ನು ಕೊರೆದು, ಗಟ್ಟಿಯದನ್ನು ಏಣಿನಂತೆ ಉಳಿಸುತ್ತವೆ. ಕಂಬದ ಮೈ ಉತ್ತ ಹೊಲದಂತಾಗುತ್ತದೆ. ಕೆತ್ತನೆಯಿದ್ದರೆ ಬಳ್ಳಿಯ ತುದಿ, ಗಿಳಿಯ ಕೊಕ್ಕು, ಹೂವಿನ ಎಸಳು ಮೊದಲು ಸವೆಯುತ್ತವೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಇಲ್ಲಿ ಬಡಗಿಯ ವಿಷಯದಲ್ಲಿಯೂ ಹೇಳಬಹುದು. ಆಕ್ರೋಟದ ಸಿಪ್ಪೆಯ ಪುಡಿ, ಜೋಳದ ದಿಂಡಿನ ಪುಡಿ, ಸೋಡ ಮೊದಲಾದ ಮೃದುವಾದ ಕಣಗಳೂ ಇವೆ. ಪಳಗಿದ ಕೈಯಲ್ಲಿ ಇವು ಕಡಿಮೆ ಹಾನಿ ಮಾಡುತ್ತವೆ. ಕೆತ್ತನೆಯ ಮರಕ್ಕೆ ಅವೂ ಬೇಡ. ಬಣ್ಣವನ್ನು ಕರಗಿಸುವ ಲೇಪ, ಮೊಂಡ ಉಳಿ, ಬಟ್ಟೆ, ತಾಳ್ಮೆ—ಇವೇ ಅದಕ್ಕೆ ಸಾಕು.

ಸುಟ್ಟ ಇಟ್ಟಿಗೆ ಮತ್ತು ಮಂಗಳೂರು ಹೆಂಚುಗಳ ಮೈಗೆ ಆವಿಗೆಯ ಬೆಂಕಿಯಿಂದ ಬಂದ ಒಂದು ಗಟ್ಟಿ ತೊಗಲಿರುತ್ತದೆ. ಮಳೆಯನ್ನು ತಡೆಯುವುದು ಆ ತೊಗಲೇ. ಹಾವಸೆ, ಸುಣ್ಣಗಳನ್ನು ತೆಗೆಯಲೆಂದು ಅದನ್ನು ಸುಲಿದರೆ ಒಳಗಿನ ಮೆತ್ತನೆಯ ಮಣ್ಣು ನೀರನ್ನು ಕುಡಿಯಲಾರಂಭಿಸುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಹಳೆಯ ಕಟ್ಟಡಗಳ ಮೇಲೆ ಇಂಥ ಪ್ರಯೋಗ ಕೂಡದೆಂದು ೧೯೭೯ರಷ್ಟು ಹಿಂದೆಯೇ ಒಂದು ಕೈಪಿಡಿಯನ್ನು ಹೊರಡಿಸಿತು. ಅಲ್ಲಿನ ಊರುಗಳಲ್ಲಿ ಇಟ್ಟಿಗೆಯ ಕಟ್ಟಡಗಳು ಆ ವೇಳೆಗೆ ಸಾಕಷ್ಟು ಹಾಳಾಗಿದ್ದವು.

ಕೊನೆಯದಾಗಿ ಕಲ್ಲು. ಹಾಸನ ಸೀಮೆಯಲ್ಲಿ ಕಲ್ಲಿನ ಮಾತನ್ನು ಎಚ್ಚರಿಕೆಯಿಂದಲೇ ಆಡಬೇಕು. ಹೊಯ್ಸಳ ಶಿಲ್ಪಿಗಳು ಮೆಚ್ಚಿ ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಬಹಳ ಮೃದು. ಗಾಳಿಗೆ ಒಡ್ಡಿದಂತೆ ಅದರ ಮೈ ಗಟ್ಟಿಯಾಗುತ್ತ ಬರುತ್ತದೆ. ಆ ಮೃದುತ್ವದಿಂದಲೇ ಬೇಲೂರಿನ ಮದನಿಕೆಯರ ಕಿವಿಯೋಲೆ, ಬಳೆಗಳನ್ನು ಬಿಡಿಬಿಡಿಯಾಗಿ ಕಡೆಯುವುದು ಸಾಧ್ಯವಾಯಿತು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಈ ಕಲ್ಲಿನ ಗಡಸುತನ ಮೋಸನ ಮೆಟ್ಟಿಲುಗಳಲ್ಲಿ ಒಂದು ಎರಡರ ಹತ್ತಿರದ್ದು. ಏಳರ ಮರಳನ್ನು ಅದರ ಮೇಲೆ ಹಾಯಿಸಿದರೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ. ಬಳಪದ ಕಲ್ಲಿಗಿಂತ ಎಷ್ಟೋ ಗಟ್ಟಿಯಾದ ಕಣಶಿಲೆಗೂ ಈ ಪೆಟ್ಟು ಸಹ್ಯವಲ್ಲ. ತಮಿಳುನಾಡಿನ ದೇವಾಲಯಗಳಲ್ಲಿ ಸುಣ್ಣ ಬಣ್ಣಗಳನ್ನು ತೆಗೆಯಲು ಮರಳು ಸಿಡಿತವನ್ನು ಬಳಸಿದಾಗ ಗೋಡೆಯ ಶಾಸನಗಳು ಸವೆದುವೆಂದು ವಿದ್ವಾಂಸರು ಆಕ್ಷೇಪಿಸಬೇಕಾಯಿತು. ಅಕ್ಷರದ ಆಳವಾದರೂ ಎಷ್ಟು? ಕೆಲವೇ ಮಿಲಿಮೀಟರು. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ೧೯೦೨ರಲ್ಲಿ ಪ್ರಕಟಿಸಿದರು. ಈ ಸೀಮೆಯಲ್ಲಿ ಶಾಸನಗಳೂ ವೀರಗಲ್ಲುಗಳೂ ಗುಡಿಗಳಲ್ಲಿ ಮಾತ್ರವಲ್ಲ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಬೀದಿಯ ಅಂಚಿನಲ್ಲಿಯೂ ಉಂಟು. ಸುಣ್ಣ ಬಳಿಸಿಕೊಂಡು ನಿಂತ ಅಂಥ ಕಲ್ಲನ್ನು ‘ಚೊಕ್ಕಟ’ ಮಾಡುವ ಉತ್ಸಾಹಕ್ಕಿಂತ ಅದರ ಪಾಡಿಗೆ ಬಿಡುವ ಸಂಯಮವೇ ಮೇಲು. ಸುಣ್ಣದ ಅಡಿಯಲ್ಲಿ ಅಕ್ಷರ ಉಳಿದಿರುತ್ತದೆ. ಸಿಡಿದ ಮರಳಿನ ಅಡಿಯಲ್ಲಿ ಉಳಿಯುವುದಿಲ್ಲ.

ಹೀಗೆ ಸುತ್ತಿಬಂದರೆ ಸಿಡಿತಕ್ಕೆ ಯೋಗ್ಯವಾಗಿ ಉಳಿದುದು ದಪ್ಪ ಕಬ್ಬಿಣ ಮಾತ್ರ. ಹಾಗಾದರೆ ಗೇಟನ್ನು ಹಿತ್ತಿಲಿಗೊಯ್ದು, ಹೊಳೆಯ ಮರಳನ್ನು ಜರಡಿ ಹಿಡಿದು, ಯಂತ್ರಕ್ಕೆ ಸುರಿಯಬಹುದೆ? ಕೂಡದು. ವಸ್ತುವಿಗೆ ಆಗುವ ಹಾನಿಗಿಂತ ದೊಡ್ಡ ಹಾನಿಯೊಂದು ಅಲ್ಲಿ ಕಾದಿದೆ.

ಬೆಣಚುಕಲ್ಲಿನ ಕಣ ಕಬ್ಬಿಣಕ್ಕೆ ಬಡಿದಾಗ ತಾನೂ ಒಡೆದು ಪುಡಿಯಾಗುತ್ತದೆ. ಆ ಪುಡಿಯ ಬಹುಭಾಗ ಕಣ್ಣಿಗೆ ಕಾಣುತ್ತದೆ. ಅದು ನೆಲಕ್ಕೆ ಬೀಳುತ್ತದೆ, ಮೂಗಿನಲ್ಲಿ ಸಿಕ್ಕಿಬೀಳುತ್ತದೆ. ಅಪಾಯ ಅದರಿಂದಲ್ಲ. ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. ೧೦ ಮೈಕ್ರಾನಿಗೂ ಕಿರಿದಾದ ಪುಡಿ ಗಂಟೆಗಟ್ಟಲೆ ಗಾಳಿಯಲ್ಲಿ ತೇಲಿಕೊಂಡಿದ್ದು, ಉಸಿರಿನೊಡನೆ ಶ್ವಾಸಕೋಶದ ತೀರ ಒಳಗಿನ ಗೂಡುಗಳನ್ನು ಸೇರುತ್ತದೆ. ದೇಹ ಅದನ್ನು ಜೀರ್ಣಿಸಿಕೊಳ್ಳಲಾರದು, ಹೊರಹಾಕಲಾರದು. ಅದರ ಸುತ್ತ ಗಾಯದ ಕಲೆಯಂಥ ಗಟ್ಟಿ ಗಂಟುಗಳನ್ನು ಕಟ್ಟುತ್ತದೆ. ಕ್ರಮೇಣ ಶ್ವಾಸಕೋಶ ತನ್ನ ಹಿಗ್ಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಇದೇ ಸಿಲಿಕೋಸಿಸ್. ಹಿಂದಕ್ಕೆ ತಿರುಗಿಸುವ ಔಷಧ ಇದಕ್ಕಿಲ್ಲ. ಕ್ಷಯರೋಗ ಇದರ ಬೆನ್ನಿಗೇ ಬರುವುದುಂಟು. ಸಾಮಾನ್ಯವಾಗಿ ಹತ್ತಾರು ವರ್ಷ ಧೂಳು ಕುಡಿದವರಿಗೆ ಬರುವ ಈ ರೋಗ, ಮರಳು ಸಿಡಿತದಂಥ ದಟ್ಟವಾದ ಧೂಳಿನಲ್ಲಿ ದುಡಿಯುವವರಿಗೆ ಕೆಲವೇ ವರ್ಷಗಳಲ್ಲಿ, ಒಮ್ಮೊಮ್ಮೆ ತಿಂಗಳುಗಳಲ್ಲಿಯೇ ಬಂದದ್ದುಂಟು.

ಕನ್ನಡ ನಾಡಿಗೆ ಈ ರೋಗ ಅಪರಿಚಿತವಲ್ಲ. ೨೦೦೧ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಬೆಣಚುಕಲ್ಲನ್ನು ಕೊರೆದ ಕಾರ್ಮಿಕರ ಎದೆಯಲ್ಲಿ ಅದು ದಶಕಗಳ ಕಾಲ ನೆಲಸಿತ್ತು. ಮಧ್ಯಪ್ರದೇಶದ ಮಂದಸೋರಿನ ಕಥೆ ಇನ್ನೂ ಹತ್ತಿರದ್ದು. ಅಕ್ಷರಾಭ್ಯಾಸದಲ್ಲಿ ಮಕ್ಕಳ ಕೈಗೆ ಕೊಡುವ ಸ್ಲೇಟಿನ ಕಡ್ಡಿಗಳನ್ನು ಕೊಯ್ಯುತ್ತಿದ್ದ ಊರು ಅದು. ಆ ಕಡ್ಡಿಯ ಕಲ್ಲಿನಲ್ಲಿ ಸಿಲಿಕದ ಅಂಶ ಹೆಚ್ಚು. ಗರಗಸದ ಮುಂದೆ ಕುಳಿತ ಎಷ್ಟೋ ಮಂದಿ ನಡುವಯಸ್ಸನ್ನು ಕಾಣಲಿಲ್ಲ. ತುರ್ಕಿ ದೇಶದಲ್ಲಿ ಹೊಚ್ಚ ಹೊಸ ಜೀನ್ಸ್ ಷರಾಯಿಗಳನ್ನು ಹಳೆಯವೆಂದು ತೋರಿಸಲು ಅವುಗಳ ಮೇಲೆ ಮರಳು ಸಿಡಿಸುವ ಉದ್ಯಮ ಬೆಳೆದಿತ್ತು. ಇಪ್ಪತ್ತರ ಹರೆಯದ ಹುಡುಗರು ಉಸಿರಿಲ್ಲದೆ ಸಾಯತೊಡಗಿದ ಮೇಲೆ ೨೦೦೯ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಬ್ರಿಟನ್ನು ಲೋಹದ ಎರಕಗಳನ್ನು ಮರಳಿನಿಂದ ಸಿಡಿಸಕೂಡದೆಂದು ೧೯೪೯ರಲ್ಲಿಯೇ ನಿಯಮ ಮಾಡಿತ್ತು. ಭಾರತದಲ್ಲಿ ೧೯೪೮ರ ಕಾರ್ಖಾನೆ ಕಾಯಿದೆ ಸಿಲಿಕೋಸಿಸನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ಆದರೆ ಕಾರ್ಖಾನೆಯ ಕಾನೂನು ಮನೆಯ ಹಿತ್ತಿಲಿಗೆ ಬಾರದು. ಅಲ್ಲಿ ಪರೀಕ್ಷಕರಿಲ್ಲ, ಧೂಳನ್ನು ಹೀರುವ ಯಂತ್ರವಿಲ್ಲ. ಬಾಯಿಗೆ ಟವಲು ಸುತ್ತಿಕೊಂಡ ಕೂಲಿಯ ಹುಡುಗನೊಬ್ಬ ಇರುತ್ತಾನೆ. ಮನೆಯವರು ಒಂದು ದಿನ ಧೂಳನ್ನು ಕಂಡರೆ ಅವನು ದಿನವೂ ಕಾಣುತ್ತಾನೆ. ಅಗ್ಗಕ್ಕೆ ಕೆಲಸ ಮುಗಿಯಿತೆಂದು ಸಂತೋಷಪಡುವ ಮುನ್ನ ಆ ಅಗ್ಗದ ಉಳಿದ ಬೆಲೆಯನ್ನು ಯಾರು ತೆರುತ್ತಾರೆಂದು ಗೃಹಸ್ಥರು ಯೋಚಿಸಬೇಕು.

ಧೂಳಿನಲ್ಲಿ ಮರಳಿನ ಜೊತೆಗೆ ಇನ್ನೊಂದು ಶತ್ರುವೂ ಇದೆ: ಹಳೆಯ ಬಣ್ಣವೇ. ಕಬ್ಬಿಣಕ್ಕೆ ಮೊದಲ ಲೇಪವಾಗಿ ಹಿಂದೆ ಕೆಂಪು ಸೀಸವನ್ನು, ಎಂದರೆ ಸಿಂಧೂರ ಬಣ್ಣದ ಸೀಸದ ಭಸ್ಮವನ್ನು, ಧಾರಾಳವಾಗಿ ಬಳಿಯುತ್ತಿದ್ದರು. ಹೊಳಪಿನ ಹಳದಿ, ಹಸುರು, ಕೆಂಪು ಎಣ್ಣೆಬಣ್ಣಗಳಲ್ಲಿಯೂ ಸೀಸವಿರುತ್ತಿತ್ತು. ಸೀಸದ ವಿಷವನ್ನು ಕುರಿತು ೧೯೯೯ರಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಕೂಡದೆಂದು ಭಾರತ ಸರ್ಕಾರ ೨೦೧೬ರಲ್ಲಿ ಮಾಡಿದ ನಿಯಮ ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಯಾವ ಎಣ್ಣೆಬಣ್ಣವನ್ನೂ ಸೀಸವುಳ್ಳದ್ದೆಂದೇ ಭಾವಿಸಿ ನಡೆಯುವುದು ಜಾಣತನ. ಗೇಟಿನ ಮೇಲೆ ಅಂಟಿಕೊಂಡಿರುವಷ್ಟು ಕಾಲ ಸೀಸ ಅಷ್ಟಾಗಿ ಕಾಡದು. ಅದನ್ನು ಸಿಡಿಸಿ ಪುಡಿ ಮಾಡಿದರೆ ಅಂಗಳದ ಮಣ್ಣಿಗೆ, ತುಲಸಿಯ ಕಟ್ಟೆಗೆ, ತೆರೆದ ಬಾವಿಗೆ, ಮಹಡಿಯಲ್ಲಿ ಒಣಗಲು ಹರಡಿದ ಸಂಡಿಗೆಗೆ, ಕೊನೆಗೆ ನೆಲದಲ್ಲಿ ಅಂಬೆಗಾಲಿಡುವ ಮಗುವಿನ ಬಾಯಿಗೆ ಬಂದು ಸೇರುತ್ತದೆ. ಸೀಸ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟು ಪ್ರಮಾಣದವರೆಗೆ ನಿರಪಾಯ ಎಂಬ ಮಟ್ಟವೇ ಅದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೋಡೆಗೆ ಗೋಡೆ ತಾಗಿದ ಹಳೆಯ ಬೀದಿಗಳಲ್ಲಿ ಈ ಧೂಳು ಮಾಡಿದವರ ಮನೆಗೆ ಮಾತ್ರ ಸೀಮಿತವಾಗಿಯೂ ಇರದು.

ಇನ್ನು ಮನೆಗೆ ತಂದ ಸಣ್ಣ ಯಂತ್ರದ ಸಾಮರ್ಥ್ಯವನ್ನೂ ನೋಡಬೇಕು. ಕಾರಿನ ಚಕ್ರದಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ ೩೦ ಪೌಂಡಿನ ಹತ್ತಿರ. ಸಿಡಿತಕ್ಕೆ ಬೇಕಾದದ್ದು ೧೦೦ರಷ್ಟು. ಒತ್ತಡವನ್ನು ಒದಗಿಸುವುದು ಸುಲಭ, ಗಾಳಿಯ ಮೊತ್ತವನ್ನು ಒದಗಿಸುವುದು ಕಷ್ಟ. ಆರು ಮಿಲಿಮೀಟರಿನ ಮೂತಿ ನಿಮಿಷಕ್ಕೆ ಸುಮಾರು ೮೦ ಘನ ಅಡಿ ಗಾಳಿಯನ್ನು ಬೇಡುತ್ತದೆ. ಮೂರು ಮಿಲಿಮೀಟರಿನದು ಸುಮಾರು ೨೦. ಒಂದು ಅಶ್ವಶಕ್ತಿಯ ಕಂಪ್ರೆಸರ್ ಕೊಡುವುದು ನಾಲ್ಕು ಐದು ಘನ ಅಡಿ ಮಾತ್ರ. ಕ್ಷಣಕಾಲ ಸಿಡಿದು ಬಹುಕಾಲ ನಿಲ್ಲುವ ಈ ಯಂತ್ರದಿಂದ ಕಾರಿನ ಸಣ್ಣ ಬಿಡಿಭಾಗ, ಬಾಗಿಲ ಚಿಲಕ, ತಿರುಗಣಿ ಮುಂತಾದುವನ್ನು ಶುದ್ಧಮಾಡಬಹುದೇ ಹೊರತು ಇಡೀ ಗೇಟು ದಿನಗಟ್ಟಲೆ ಹಿಡಿಯುತ್ತದೆ. ಸಣ್ಣ ವಸ್ತುಗಳಿಗಾದರೂ ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆಯೊಳಗೆ ಕೆಲಸ ಮಾಡುವ ಕ್ರಮವೇ ಸರಿ; ಧೂಳು ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ.

ದೊಡ್ಡ ಗೇಟನ್ನು ಸಿಡಿಸಲೇಬೇಕಾದರೆ ಅದನ್ನು ಬಿಚ್ಚಿ, ಇದೇ ಕಸುಬಿನ ಕಾರ್ಯಾಗಾರಕ್ಕೆ ಕಳುಹಿಸುವುದೇ ವಿವೇಕ. ಕಳುಹಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು, ಯಾವ ಕಣ? ‘ಮರಳು’ ಎಂದು ಉತ್ತರ ಬಂದರೆ ಅಲ್ಲಿಗೆ ಬೇಡ. ಗಾರ್ನೆಟ್, ಉಕ್ಕಿನ ಗುಂಡು, ತಾಮ್ರ ಕರಗಿಸಿದಾಗ ಉಳಿಯುವ ಕಿಟ್ಟ—ಇವುಗಳಲ್ಲಿ ಒಂದಿರಬೇಕು. ಎರಡನೆಯದು, ಕೆಲಸಗಾರನು ಏನನ್ನು ಧರಿಸುತ್ತಾನೆ? ಟವಲೂ ಬಟ್ಟೆಯ ಮುಖಗವಸೂ ಇಲ್ಲಿ ಸಾಲವು. ಹೊರಗಿನಿಂದ ಶುದ್ಧವಾದ ಗಾಳಿಯನ್ನು ಕೊಳವೆಯ ಮೂಲಕ ಒದಗಿಸುವ ಶಿರಸ್ತ್ರಾಣ ಇರಬೇಕು. ಕಿವಿಗೂ ರಕ್ಷಣೆ ಬೇಕು. ಮೂರನೆಯದು, ಸಿಡಿಸಿದ ಮೇಲೆ ಎಷ್ಟು ಹೊತ್ತಿಗೆ ಮೊದಲ ಲೇಪ ಬಳಿಯುತ್ತಾರೆ? ಬೆತ್ತಲಾದ ಕಬ್ಬಿಣ ಹಸಿ ಗಾಯದಂತೆ. ಗಾಳಿಯ ತೇವ ಸೋಕಿ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪೇರುತ್ತದೆ. ಲೇಪ ಅದೇ ದಿನ, ಸಾಧ್ಯವಾದರೆ ನಾಲ್ಕು ಗಂಟೆಯೊಳಗೆ, ಬೀಳಬೇಕು. ಗಾಳಿಯ ತೇವಾಂಶ ನೂರಕ್ಕೆ ೮೫ನ್ನು ದಾಟಿದ ದಿನ ಈ ಕೆಲಸಕ್ಕೆ ಹೊರಡಬಾರದು. ಮಲೆನಾಡಿನ ಸೆರಗಿನಲ್ಲಿರುವ ಹಾಸನದ ಕಡೆ ಜೂನಿನಿಂದ ದೀಪಾವಳಿಯವರೆಗೆ ಇದನ್ನು ಮುಟ್ಟದೆ, ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣಗಾಲವನ್ನು ಆರಿಸಿಕೊಳ್ಳುವುದು ಲೇಸು.

ಎಲ್ಲ ಕಬ್ಬಿಣಕ್ಕೂ ಸಿಡಿತವೇ ಬೇಕೆಂಬ ನಿಯಮವೇನೂ ಇಲ್ಲ. ಬಣ್ಣ ಬಳಿಯುವ ಮುನ್ನ ಉಕ್ಕು ಎಷ್ಟು ಶುದ್ಧವಾಗಿರಬೇಕೆಂದು ಸ್ವೀಡನ್ ದೇಶದವರು ೧೯೬೭ರಲ್ಲಿ ಒಂದು ಮಾನದಂಡವನ್ನು ಪ್ರಕಟಿಸಿದರು. ಮುಂದೆ ಅದೇ ಅಂತರರಾಷ್ಟ್ರೀಯ ಮಾನದಂಡಕ್ಕೆ ತಳಹದಿಯಾಯಿತು. ಸಿಡಿತದ ದರ್ಜೆಗಳಿಗೆ ಬೇರೆಯಾಗಿ, ಕೈಯಿಂದ ಉಜ್ಜಿ ಪಡೆಯಬಹುದಾದ ದರ್ಜೆಗಳನ್ನೂ ಅದರಲ್ಲಿ ಗೊತ್ತುಮಾಡಿದೆ. ಸೇತುವೆಗೆ, ಹಡಗಿಗೆ ಸಿಡಿತ ಬೇಕು. ಸೂರಿನ ಕೆಳಗಿರುವ ಕಿಟಕಿಯ ಸರಳಿಗೆ ತಂತಿಯ ಬ್ರಷ್ಷು, ಉಜ್ಜುಕಾಗದಗಳು ಸಾಕು. ಉಜ್ಜುವಾಗ ನೀರನ್ನು ಚಿಮುಕಿಸುತ್ತ ಉಜ್ಜಬೇಕು, ಧೂಳು ಏಳದು. ನೆಲಕ್ಕೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಚಕ್ಕೆಗಳನ್ನು ಅದರಲ್ಲಿಯೇ ಮಡಿಸಿ ತೆಗೆಯಬೇಕು. ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಿಂದ ಒರಸಬೇಕು. ಒರಸಿದ ಮೇಲೆ ಸರಳನ್ನು ಚೆನ್ನಾಗಿ ಒಣಗಿಸಿಯೇ ಬಣ್ಣಕ್ಕೆ ಕೈಹಾಕಬೇಕು. ಕೆಲಸದ ಬಟ್ಟೆಗಳನ್ನು ಮಕ್ಕಳ ಬಟ್ಟೆಯೊಡನೆ ನೆನೆಸಬಾರದು. ಮಕ್ಕಳೂ ಗರ್ಭಿಣಿಯರೂ ಆ ದಿನ ನೆಂಟರ ಮನೆಗೆ ಹೋಗಿಬರುವುದು ಒಳ್ಳೆಯದು. ಹಳೆಯ ಬಣ್ಣವನ್ನು ಬೆಂಕಿಯಿಂದ ಸುಟ್ಟು ತೆಗೆಯುವ ರೂಢಿಯನ್ನು ಬಿಟ್ಟೇಬಿಡಬೇಕು. ಸೀಸ ಹೊಗೆಯಾಗಿ ಏಳುವುದು ಆಗಲೇ.

ಅಡಿಗೆಮನೆಯ ಕಬ್ಬಿಣಕ್ಕಂತೂ ಯಂತ್ರದ ಹಂಗೇ ಬೇಡ. ತುಕ್ಕು ಹಿಡಿದ ದೋಸೆಯ ಕಾವಲಿ, ಬಾಣಲೆಗಳಿಗೆ ಹುಣಿಸೆಹಣ್ಣಿನ ನೀರು ಅಜ್ಜಿಯರು ಕಂಡ ಮದ್ದು; ಅದರಲ್ಲಿರುವ ಹುಳಿ ತುಕ್ಕನ್ನು ಕರಗಿಸಿ, ಕಬ್ಬಿಣವನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜಿ, ತೊಳೆದು, ಒಲೆಯ ಮೇಲೆ ಒಣಗಿಸಿ ಎಣ್ಣೆ ಸವರಿದರೆ ಕಾವಲಿ ಮತ್ತೆ ದೋಸೆಗೆ ಸಿದ್ಧ.

ಶುದ್ಧವಾದ ಕಬ್ಬಿಣಕ್ಕೆ ಬಳಿಯುವ ಮೊದಲ ಲೇಪದ ವಿಷಯದಲ್ಲಿಯೂ ಎಚ್ಚರ ಬೇಕು. ಅಂಗಡಿಯವರು ರೂಢಿಯಂತೆ ಕೊಡುವ ಕೆಂಪು ಲೇಪಗಳಲ್ಲಿ ಕೆಲವಕ್ಕೆ ಜಿಂಕ್ ಕ್ರೋಮೇಟ್ ಬೆರೆಸಿರುತ್ತಾರೆ. ಅದು ತುಕ್ಕನ್ನು ತಡೆಯುವುದು ನಿಜ, ಕ್ಯಾನ್ಸರಿಗೆ ಕಾರಣವಾಗುವುದೂ ಅಷ್ಟೇ ನಿಜ. ಜಿಂಕ್ ಫಾಸ್ಫೇಟ್ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಕೇಳಿ ಪಡೆಯಬೇಕು. ಮೊದಲ ಲೇಪದ ಮೇಲೆ ಎರಡು ಕೈ ಬಣ್ಣ, ಆಮೇಲೆ ಪ್ರತಿವರ್ಷ ಮಳೆಗಾಲದ ಮುನ್ನ ಒಮ್ಮೆ ಕಣ್ಣಾಡಿಸಿ, ಬಣ್ಣ ಎದ್ದ ಕಡೆ ಅಂಗೈಯಗಲ ಉಜ್ಜಿ ಮತ್ತೆ ಬಳಿಯುವುದು. ತುಕ್ಕು ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗ ಹಿಡಿಯುತ್ತದೆ; ಚಿಕ್ಕ ಚುಕ್ಕೆಯಾಗಿದ್ದಾಗ ತಡೆಯದಿದ್ದರೆ ತಾನೇ ಉಬ್ಬಿ ಸುತ್ತಲಿನ ಬಣ್ಣವನ್ನೆಲ್ಲ ಎಬ್ಬಿಸುತ್ತದೆ. ವರ್ಷಕ್ಕೆ ಅರ್ಧ ದಿನದ ಈ ಕೆಲಸವನ್ನು ತಪ್ಪಿಸದ ಮನೆಗಳಲ್ಲಿ ಹದಿನೈದು ಇಪ್ಪತ್ತು ವರ್ಷಗಳಿಗೊಮ್ಮೆ ಎಲ್ಲವನ್ನೂ ಕೆರೆದುಹಾಕುವ ಗೊಡವೆಯೇ ಬೀಳುವುದಿಲ್ಲ. ಗೇಟು ಉಳಿಯುತ್ತದೆ, ಕೆತ್ತನೆಯ ಕಂಬ ಉಳಿಯುತ್ತದೆ, ಕೆಲಸಕ್ಕೆ ಬಂದ ಹುಡುಗ ನೆಟ್ಟಗೆ ಉಸಿರಾಡುತ್ತ ತನ್ನ ಮನೆಗೆ ಹಿಂದಿರುಗುತ್ತಾನೆ.